ಗಾಳಿ ಬಂದಾಗ ಒಣಗಿಸಿಕೊ

ನಮ್ಮ ಭಾಗದ ಬಿಸಿಲನ್ನು ಹೊಗಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಬೀದರ್, ಹುಮನಾಬಾದ್, ಬಸವಕಲ್ಯಾಣ, ನಮ್ಮ ಚಿಟಗುಪ್ಪ, ಯಾವ ಊರಿಗೆ ಹೋದರೂ ಏಪ್ರಿಲ್ ಬಂತೆಂದರೆ ಮಾತು ಶುರುವಾಗುವುದೇ ಬಿಸಿಲಿನ ಬೈಗುಳದಿಂದ. ಆದರೆ ಅದೇ ಹೊತ್ತಿನಲ್ಲಿ ಒಮ್ಮೆ ಮಾಳಿಗೆ ಹತ್ತಿ ನೋಡಿ. ಒಂದು ಮನೆಯ ಮೇಲೆ ಸಂಡಿಗೆ, ಇನ್ನೊಂದರ ಮೇಲೆ ಶ್ಯಾವಿಗೆ, ಮತ್ತೊಂದರ ಮೇಲೆ ಕೆಂಪು ಮೆಣಸಿನಕಾಯಿ, ಹುಣಸೆಹಣ್ಣು, ಹಪ್ಪಳ. ಬಿಸಿಲನ್ನು ಬೈಯುತ್ತಲೇ ವರ್ಷಕ್ಕಾಗುವಷ್ಟು ಸಾಮಾನನ್ನು ಅದೇ ಬಿಸಿಲಿನಿಂದ ಮಾಡಿಸಿಕೊಳ್ಳುವ ಜಾಣರು ನಾವು.

ಈ ಸಾಲಿನಲ್ಲಿ ಈಗೀಗ ಕಾಣದೆ ಹೋಗಿರುವುದು ಹಣ್ಣು. ಹಿಂದೆ ಮಾವಿನ ರಸವನ್ನು ತಟ್ಟೆಗೆ ಸುರಿದು ಒಣಗಿಸುವ ಮನೆಗಳಿದ್ದವು. ಬಾರೆಹಣ್ಣು ಒಣಗಿಸಿ ಡಬ್ಬಿ ತುಂಬಿಡುವ ಅಜ್ಜಿಯರಿದ್ದರು. ಈಗ ಮೇ ತಿಂಗಳ ಸಂಜೆ ಸಂತೆಯಲ್ಲಿ ಹೆಚ್ಚು ಹಣ್ಣಾದ ಜವಾರಿ ಮಾವು ಸಿಕ್ಕ ಬೆಲೆಗೆ ಹೋಗುತ್ತದೆ, ಹೋಗದಿದ್ದರೆ ದನದ ಬಾಯಿಗೆ ಬೀಳುತ್ತದೆ. ಅಲ್ಲೇ ಹತ್ತು ಹೆಜ್ಜೆ ದೂರದ ಅಂಗಡಿಯಲ್ಲಿ ನಮ್ಮ ಮಕ್ಕಳು ಮಾವಿನ ಚಿತ್ರವಿರುವ ಬಣ್ಣದ ಮಿಠಾಯಿ ಕೊಂಡು ಚೀಪುತ್ತಿರುತ್ತಾರೆ. ಹಣ್ಣು ತಿಪ್ಪೆಗೆ, ಹಣ್ಣಿನ ಚಿತ್ರ ಹೊಟ್ಟೆಗೆ! ಇದನ್ನು ಸರಿಪಡಿಸಲು ದೊಡ್ಡ ಕಾರ್ಖಾನೆಯೇನೂ ಬೇಕಾಗಿಲ್ಲ. ಒಂದಿಷ್ಟು ವಿಜ್ಞಾನ ತಿಳಿದರೆ ನಮ್ಮ ಮಾಳಿಗೆಯೇ ಸಾಕು.

ಒಣಗಿಸುವುದು ಯಾರು?

ಎಂಟನೆಯ ತರಗತಿಯಲ್ಲಿ ಆವಿಯಾಗುವಿಕೆಯ ಪಾಠ ಬಂದಾಗ ನಾನು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ: 'ಒದ್ದೆ ಬಟ್ಟೆಯನ್ನು ಒಣಗಿಸುವುದು ಯಾರು?' ಇಡೀ ತರಗತಿ ಒಂದೇ ದನಿಯಲ್ಲಿ 'ಸೂರ್ಯ ಸರ್' ಎನ್ನುತ್ತದೆ. ಉತ್ತರ ಅರ್ಧ ಸರಿ. ಸೂರ್ಯ ಕೊಡುವುದು ಶಾಖವನ್ನು. ಆ ಶಾಖದಿಂದ ಆವಿಯಾದ ನೀರನ್ನು ಹೊತ್ತುಕೊಂಡು ಹೋಗುವುದು ಗಾಳಿ. ಗಾಳಿಯ ಬುಟ್ಟಿ ಮೊದಲೇ ತುಂಬಿದ್ದರೆ ಅದು ಇನ್ನಷ್ಟು ನೀರನ್ನು ಎಲ್ಲಿ ಇಟ್ಟುಕೊಳ್ಳಬೇಕು?

ಲೆಕ್ಕ ನೋಡಿ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 51 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬೇಸಿಗೆಯ ಮಧ್ಯಾಹ್ನ ಗಾಳಿಯ ತೇವ ಶೇಕಡಾ 20 ಇದೆ ಎಂದುಕೊಳ್ಳಿ. ಆಗ ಅದರಲ್ಲಿರುವುದು 10 ಗ್ರಾಂ ಮಾತ್ರ. ಇನ್ನೂ 41 ಗ್ರಾಂ ಹಿಡಿಯುವಷ್ಟು ಜಾಗ ಖಾಲಿ ಇದೆ. ಇನ್ನು ಜುಲೈ ತಿಂಗಳ ಒಂದು ದಿನ ಊಹಿಸಿಕೊಳ್ಳಿ. ಉಷ್ಣತೆ 26 ಡಿಗ್ರಿ, ತೇವ ಶೇಕಡಾ 85. ಆ ಗಾಳಿ ಹಿಡಿಯಬಲ್ಲದ್ದೇ 24 ಗ್ರಾಂ, ಈಗಾಗಲೇ ಹಿಡಿದಿರುವುದು 20 ಗ್ರಾಂಗೂ ಹೆಚ್ಚು. ಉಳಿದ ಜಾಗ ನಾಲ್ಕು ಗ್ರಾಂ ಕೂಡ ಇಲ್ಲ. ಅಂದರೆ ಬೇಸಿಗೆಯ ಗಾಳಿಗೆ ಮಳೆಗಾಲದ ಗಾಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬಾಯಾರಿಕೆ. 'ಗಾಳಿ ಬಂದಾಗ ತೂರಿಕೋ' ಎಂದು ಹಿರಿಯರು ರಾಶಿ ಮಾಡುವವರಿಗೆ ಹೇಳಿದರು. ಹಣ್ಣು ಒಣಗಿಸುವವರಿಗೂ ಇದೇ ಮಾತು, ಆದರೆ ಬಂದ ಗಾಳಿ ಒಣ ಗಾಳಿಯಾಗಿರಬೇಕು.

ಗಾಳಿಯ ಬಾಯಾರಿಕೆಯನ್ನು ಅಳೆಯುವ ಉಪಕರಣ ನಮ್ಮೆಲ್ಲರ ಮನೆಯಲ್ಲಿದೆ. ಅದು ಕುಡಿಯುವ ನೀರಿನ ಹರವಿ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಂದೊಂದು ಗ್ರಾಮಿಗೂ ಸುಮಾರು 575 ಕ್ಯಾಲೊರಿ ಶಾಖವನ್ನು ಕಸಿದುಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ತಣ್ಣಗಾಗುತ್ತದೆ. ಹರವಿಯ ನೀರು ಹಲ್ಲಿಗೆ ತಣ್ಣಗೆ ತಾಗುವ ದಿನ ಹಣ್ಣು ಒಣಗಿಸಲು ಒಳ್ಳೆಯ ದಿನ. ಮೋಡ ಕವಿದು, ಸೆಕೆ ಏರಿ, ಹರವಿಯ ನೀರು ಬೆಚ್ಚಗೇ ಉಳಿಯುವ ದಿನ ಹಣ್ಣಿಗೆ ಕೈ ಹಾಕಬೇಡಿ. ಮನೆಯಲ್ಲಿ ನೀರಿನ ಕೂಲರ್ ಇದ್ದವರಿಗೂ ಇದೇ ಪರೀಕ್ಷೆ. ಕೂಲರ್ ಚೆನ್ನಾಗಿ ತಂಪು ಕೊಡುವ ದಿನವೇ ಮಾಳಿಗೆಯ ಮೇಲೂ ಕೆಲಸ ನಡೆಯುವ ದಿನ.

ಒಣಗಿದ್ದು ಏಕೆ ಕೆಡುವುದಿಲ್ಲ?

ಇದಕ್ಕೂ ಉದಾಹರಣೆ ನಮ್ಮ ಅಡುಗೆಮನೆಯಲ್ಲೇ ಇದೆ. ಒಂದೇ ಜೋಳದ ಹಿಟ್ಟು, ಒಂದೇ ಹಂಚು. ಮೆತ್ತಗಿನ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಎರಡು ಮೂರು ದಿನದಲ್ಲಿ ಬೂಸರು ಹಿಡಿಯುತ್ತದೆ. ಕಡಕ್ ರೊಟ್ಟಿ ತಿಂಗಳಾದರೂ ಹಾಗೇ ಇರುತ್ತದೆ. ಎರಡರ ನಡುವಿನ ವ್ಯತ್ಯಾಸ ನೀರು ಮಾತ್ರ.

ಬೂಸರು, ಬ್ಯಾಕ್ಟೀರಿಯಾ, ಹುದುಗು ಬರಿಸುವ ಯೀಸ್ಟ್ ಇವೆಲ್ಲ ನಮ್ಮಂತೆಯೇ ಜೀವಿಗಳು. ಬದುಕಲು ಅವಕ್ಕೂ ನೀರು ಬೇಕು. ಆದರೆ ಆಹಾರದಲ್ಲಿರುವ ಎಲ್ಲ ನೀರೂ ಅವುಗಳ ಕೈಗೆ ಸಿಗುವುದಿಲ್ಲ. ಸಕ್ಕರೆ, ಉಪ್ಪು ಒಂದಿಷ್ಟು ನೀರನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಬೆಲ್ಲ, ಉಪ್ಪಿನಕಾಯಿ, ಜೇನುತುಪ್ಪ ಬೇಗ ಕೆಡದಿರುವ ಗುಟ್ಟು ಇದೇ. ಜೀವಿಗಳ ಬಳಕೆಗೆ ಸಿಗುವ ನೀರನ್ನು ವಿಜ್ಞಾನಿಗಳು 'ಜಲ ಸಕ್ರಿಯತೆ' ಎಂಬ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ ಇದರ ಬೆಲೆ 1. ತಾಜಾ ಹಣ್ಣಿಗೆ 0.97ಕ್ಕೂ ಹೆಚ್ಚು. 0.9ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು. 0.7ರ ಹತ್ತಿರ ಬಂದರೆ ಹೆಚ್ಚಿನ ಬೂಸರುಗಳೂ ಸೋಲುತ್ತವೆ. 0.6ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಮನೆಯಲ್ಲಿ ಈ ಅಳತೆಯ ಯಂತ್ರ ಇರುವುದಿಲ್ಲ, ಆದರೆ ತಕ್ಕಡಿ ಇದ್ದರೆ ಸಾಕು.

ಮಾಗಿದ ಮಾವಿನ ರಸದಲ್ಲಿ ಶೇಕಡಾ 83ರಷ್ಟು ನೀರಿರುತ್ತದೆ. ಒಂದು ಕಿಲೋ ರಸದಲ್ಲಿ ನೀರಲ್ಲದ ಭಾಗ 170 ಗ್ರಾಂ. ಒಣಗಿದ ಮೇಲೆ ಶೇಕಡಾ 15ರಷ್ಟು ನೀರು ಉಳಿಯಬೇಕೆಂದರೆ ಒಟ್ಟು ತೂಕ 200 ಗ್ರಾಂಗೆ ಇಳಿಯಬೇಕು. ಹಾಕಿದ್ದರ ಐದನೇ ಒಂದು ಪಾಲು! ಬಾಳೆಹಣ್ಣಿನಲ್ಲಿ ನೀರು ಶೇಕಡಾ 75. ಒಂದು ಕಿಲೋ ತಿರುಳು ಸುಮಾರು 300 ಗ್ರಾಂ ಆಗುತ್ತದೆ. ಪಪ್ಪಾಯಿಯಲ್ಲಿ ನೀರು ಶೇಕಡಾ 88. ಅದು 140 ಗ್ರಾಂಗೆ ಇಳಿಯುತ್ತದೆ. ಹಾಕುವ ಮುಂಚೆ ಒಮ್ಮೆ, ತೆಗೆಯುವ ಮುಂಚೆ ಒಮ್ಮೆ ತೂಗಿ. ತೂಕ ಇಷ್ಟಕ್ಕೆ ಇಳಿದಿಲ್ಲವೆಂದರೆ, ಕೈಗೆ ಒಣಗಿದಂತೆ ಕಂಡರೂ ಒಳಗೆ ನೀರಿದೆ ಎಂದೇ ಅರ್ಥ.

ಮಾವಿನ ರಸದ ಹಾಳೆ

ಮರಾಠಿಯವರ ಆಂಬಾಪೋಳಿ, ತೆಲುಗರ ಮಾಮಿಡಿ ತಾಂಡ್ರ, ಕರಾವಳಿಯವರ ಮಾಂಬಳ ಎಲ್ಲವೂ ಒಂದೇ ತಾಯಿಯ ಮಕ್ಕಳು. ಎರಡು ರಾಜ್ಯಗಳ ಗಡಿಗೆ ತಾಗಿಕೊಂಡಿರುವ ನಮ್ಮ ಜಿಲ್ಲೆಗೆ ಎರಡೂ ಕಡೆಯ ರುಚಿ ಗೊತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಲ್ಲಿ ಆರಂಭವಾದದ್ದು. ಅಲ್ಲಿನ ವಿಜ್ಞಾನಿಗಳು ಇದೇ ಹಳೆಯ ತಿಂಡಿಯನ್ನು 'ಫ್ರೂಟ್ ಬಾರ್' ಎಂಬ ಹೆಸರಿನಲ್ಲಿ ಕಾರ್ಖಾನೆಯಲ್ಲಿ ಮಾಡುವ ವಿಧಾನ ರೂಪಿಸಿಕೊಟ್ಟರು. ಮನೆಯ ವಿಧಾನ ಇನ್ನೂ ಸುಲಭ.

ಚೆನ್ನಾಗಿ ಮಾಗಿದ, ಆದರೆ ಕೊಳೆಯದ ಹಣ್ಣನ್ನು ತೊಳೆದು ರಸ ತೆಗೆಯಿರಿ. ಜವಾರಿ ಮಾವಿನಲ್ಲಿ ನಾರು ಜಾಸ್ತಿ, ಆದ್ದರಿಂದ ಜರಡಿಯಲ್ಲಿ ಸೋಸಿಕೊಳ್ಳಿ. ಒಂದು ಕಿಲೋ ರಸಕ್ಕೆ ಎರಡು ಚಮಚ ನಿಂಬೆರಸ ಸಾಕು. ಹಣ್ಣು ತೀರಾ ಹುಳಿ ಇದ್ದರೆ ಮಾತ್ರ 50ರಿಂದ 100 ಗ್ರಾಂ ಸಕ್ಕರೆ ಅಥವಾ ಬೆಲ್ಲ ಹಾಕಿ. ಇದನ್ನು ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ, ತಳ ಹಿಡಿಯದಂತೆ ತಿರುವುತ್ತ, ಗುಳ್ಳೆ ಬರುವವರೆಗೆ ಕಾಯಿಸಿ. ಅನೇಕರು ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ಕಾಯಿಸಿದರೆ ಎರಡು ಲಾಭ: ಹಣ್ಣಿನೊಳಗಿನ ಕಿಣ್ವಗಳು ನಿಷ್ಕ್ರಿಯವಾಗಿ ಬಣ್ಣ ಕಪ್ಪಾಗುವುದು ತಪ್ಪುತ್ತದೆ, ಸಿಪ್ಪೆಯಿಂದ ಮತ್ತು ಕೈಯಿಂದ ಬಂದ ಸೂಕ್ಷ್ಮಜೀವಿಗಳು ಬಹುಪಾಲು ಸಾಯುತ್ತವೆ.

ಆರಿದ ಮೇಲೆ ತುಪ್ಪ ಸವರಿದ ತಟ್ಟೆಗೆ ಸುರಿಯಿರಿ. ಒಂದು ಅಡಿ ಅಗಲದ ಊಟದ ತಟ್ಟೆಗೆ ಸುಮಾರು 200 ಗ್ರಾಂ ರಸ ಸಾಕು, ಅಂದರೆ ದಪ್ಪ ಮೂರು ಮಿಲಿಮೀಟರ್. ಒಂದು ಕಿಲೋ ರಸಕ್ಕೆ ಐದು ತಟ್ಟೆಗಳು ಬೇಕು. 'ಐದು ತಟ್ಟೆ ಯಾರು ತೊಳೀತಾರ್ರೀ' ಎಂದು ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದಿರೋ, ಕೆಲಸ ಕೆಟ್ಟಿತು. ಮೇಲೆ ತೊಗಲು ಕಟ್ಟಿ ಒಳಗಿನ ರಸ ಹುಳಿಯಲು ಶುರುವಾಗುತ್ತದೆ. ದಪ್ಪ ಬೇಕೆನ್ನುವವರು ಮೊದಲ ಪದರು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರು ಹಾಕಲಿ. ಕರಾವಳಿಯ ಮಾಂಬಳದ ದಪ್ಪ ಬರುವುದು ಹೀಗೆ ಪದರು ಪದರಾಗಿಯೇ. ನಮ್ಮ ಮೇ ತಿಂಗಳ ಗಾಳಿಯಲ್ಲಿ ಒಂದು ಪದರಿಗೆ ಒಂದೆರಡು ದಿನ ಸಾಕು. ಬೆರಳು ಒತ್ತಿದರೆ ಗುರುತು ಬೀಳಬಾರದು, ಅಂಚು ಎತ್ತಿದರೆ ಹಾಳೆಯಂತೆ ಎದ್ದು ಬರಬೇಕು.

ಪೇರಲ, ಬಾಳೆ, ಬಾರೆ

ಬೀದರ್ ಸೀಮೆಯ ಪೇರಲವನ್ನು ಪರಿಚಯಿಸಬೇಕಾಗಿಲ್ಲ. ದಕ್ಷಿಣದವರು ಸೀಬೆ ಎನ್ನುವುದು ಇದನ್ನೇ. ಗಟ್ಟಿಯಾದ, ಹದವಾಗಿ ಮಾಗಿದ ಕಾಯಿಯ ನಡುವಿನ ಬೀಜದ ಭಾಗ ತೆಗೆದು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ. ಒಂದು ಲೀಟರ್ ನೀರಿಗೆ ಎರಡು ನಿಂಬೆಹಣ್ಣು ಹಿಂಡಿ, ಹೋಳುಗಳನ್ನು ಹತ್ತು ನಿಮಿಷ ಅದರಲ್ಲಿಡಿ. ಕತ್ತರಿಸಿದ ಹಣ್ಣು ಕಂದು ಬಣ್ಣಕ್ಕೆ ತಿರುಗುವುದು ಗಾಳಿಯ ಆಮ್ಲಜನಕ ಮತ್ತು ಹಣ್ಣಿನ ಕಿಣ್ವ ಸೇರಿ ನಡೆಸುವ ಕ್ರಿಯೆ. ನಿಂಬೆಯ ಆಮ್ಲ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ನಂತರ ನೀರು ಬಸಿದು, ಬೇಕಿದ್ದರೆ ಉಪ್ಪು, ಖಾರ, ಜೀರಿಗೆ ಪುಡಿ ಉದುರಿಸಿ ಒಣಹಾಕಿ. ಖಾರದ ಪೇರಲ ನನ್ನ ವಿದ್ಯಾರ್ಥಿಗಳಿಗೆ ಮಾವಿಗಿಂತ ಪ್ರಿಯ.

ಸಿಹಿ ಬೇಕೆನ್ನುವವರಿಗೆ ಇನ್ನೊಂದು ದಾರಿ ಇದೆ. ಒಂದು ಲೀಟರ್ ನೀರಿಗೆ ಒಂದು ಕಿಲೋ ಸಕ್ಕರೆ ಹಾಕಿ ಪಾಕ ಮಾಡಿ, ಆರಿದ ಮೇಲೆ ಹೋಳುಗಳನ್ನು ಅದರಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಬೆಳಗ್ಗೆ ನೋಡಿದರೆ ಪಾಕ ತೆಳ್ಳಗಾಗಿ, ಹೋಳು ಕುಗ್ಗಿರುತ್ತದೆ. ಪುಸ್ತಕದಲ್ಲಿ ಅಭಿಸರಣ ಎಂದು ಮಕ್ಕಳು ಉರು ಹೊಡೆಯುವುದು ಇದನ್ನೇ. ಬಿಸಿಲು ಬರುವ ಮೊದಲೇ ನೀರಿನ ಒಂದು ಪಾಲು ಹೊರಗೆ ಬಂದಿರುತ್ತದೆ. ಉಳಿದ ಪಾಕವನ್ನು ಚೆಲ್ಲಬೇಡಿ, ನಿಂಬೆ ಹಿಂಡಿದರೆ ಒಳ್ಳೆಯ ಶರಬತ್ತು.

ಬಾಳೆಹಣ್ಣನ್ನು ಒಣಗಿಸುವುದರಲ್ಲಿ ಉತ್ತರ ಕನ್ನಡದವರು ನಮಗೆ ಗುರುಗಳು. ಯಲ್ಲಾಪುರದ ಕಡೆ ಅದಕ್ಕೆ ಸುಕೇಳಿ ಎನ್ನುತ್ತಾರೆ. ಸಿಪ್ಪೆ ಸುಲಿದು, ಉದ್ದಕ್ಕೆ ಎರಡು ಸೀಳು ಮಾಡಿ, ನಿಂಬೆನೀರಲ್ಲಿ ಅದ್ದಿ, ದಿನಕ್ಕೆ ಎರಡು ಬಾರಿ ಮಗುಚುತ್ತ ನಾಲ್ಕೈದು ದಿನ ಒಣಗಿಸಿದರೆ ಜೇನಿನ ಬಣ್ಣ ಬರುತ್ತದೆ. ಮಳೆ ಹೆಚ್ಚಿರುವ ಸೀಮೆಯವರು ಇಷ್ಟು ಚೆನ್ನಾಗಿ ಮಾಡುವಾಗ, ಒಣ ಗಾಳಿಯ ಬಯಲಿನವರಾದ ನಮಗೇನು ಕಷ್ಟ?

ಬಾರೆಹಣ್ಣು ಬಡವರ ಖರ್ಜೂರ. ಚಳಿಗಾಲದ ಕೊನೆಗೆ ಹೊಲದ ಬದುಗಳಲ್ಲಿ ಸಿಗುವ ಸಣ್ಣ ಹಣ್ಣನ್ನು ತೊಳೆದು ಇಡಿಯಾಗಿಯೇ ಒಣಹಾಕಬಹುದು. ಅದನ್ನು ಬೆಲ್ಲ, ಉಪ್ಪು, ಜೀರಿಗೆ, ಮೆಣಸಿನಕಾಯಿ ಸೇರಿಸಿ ಕುಟ್ಟಿ, ತಟ್ಟಿ ಒಣಗಿಸಿದರೆ ತೆಲಂಗಾಣದವರ ರೇಗಿ ವಡಲು. ಹುಳಿ, ಸಿಹಿ, ಖಾರ ಮೂರೂ ಒಂದರಲ್ಲೇ.

ದ್ರಾಕ್ಷಿ ಒಣಗಿಸುವವರು ಒಂದು ವಿಷಯ ನೆನಪಿಡಿ. ಅದರ ಸಿಪ್ಪೆಯ ಮೇಲೆ ಮೇಣದ ತೆಳು ಪದರ ಇರುತ್ತದೆ, ನೀರು ಹೊರಬರಲು ಅದೇ ಅಡ್ಡಿ. ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದರೆ ಸಿಪ್ಪೆ ಸಣ್ಣಗೆ ಬಿರಿದು ದಾರಿ ಬಿಡುತ್ತದೆ. ಎಲ್ಲ ಹಣ್ಣೂ ಇದಕ್ಕೆ ಒಗ್ಗುವುದಿಲ್ಲ. ನಮ್ಮಲ್ಲಿ ಬೇಕಾದಷ್ಟು ಸಿಗುವ ಸೀತಾಫಲವನ್ನು ಕಾಯಿಸಿದರೆ ಕಹಿ ಬರುತ್ತದೆ. ಅದನ್ನು ಹಾಗೇ ತಿಂದುಬಿಡಿ. ಕಲ್ಲಂಗಡಿಯಲ್ಲಿ ನೀರೇ ಹತ್ತರಲ್ಲಿ ಒಂಬತ್ತು ಪಾಲು, ಶ್ರಮಕ್ಕೆ ತಕ್ಕ ಫಲವಿಲ್ಲ.

ಬೂಸರು ಎಲ್ಲಿಂದ ಬಂತು?

ಕಳೆದ ವರ್ಷ ವಿದ್ಯಾರ್ಥಿಯೊಬ್ಬನ ತಾಯಿ ಒಂದು ಬಾಟಲಿ ಹಿಡಿದುಕೊಂಡು ಶಾಲೆಗೆ ಬಂದಿದ್ದರು. 'ಸರ, ನಮ್ಮವ್ವ ಮಾಡ್ತಿದ್ದಳ್ರಿ, ಒಂದ್ ವರ್ಷ ಇಟ್ರೂ ಏನೂ ಆಗ್ತಿರಲಿಲ್ಲ. ನಾನೂ ಹಂಗೇ ಮಾಡೀನಿ. ಹದಿನೈದು ದಿನಕ್ಕ ಬೂಸರು ಬಂದದ ನೋಡ್ರಿ. ಅವ್ವನ ಕೈಗುಣ ನನಗ ಬರಲಿಲ್ಲೇನ್ರಿ?' ಕೈಗುಣದ ಮಾತು ಬಿಟ್ಟು ಒಂದೊಂದೇ ವಿವರ ಕೇಳುತ್ತ ಹೋದೆ. ಯಾವಾಗ ಮಾಡಿದಿರಿ ತಾಯಿ? ಜೂನ್ ತಿಂಗಳಲ್ಲಿ, ಮೃಗಶಿರ ಹುಟ್ಟಿದ ಮೇಲೆ. ಎಲ್ಲಿ ಒಣಹಾಕಿದಿರಿ? ಸಿಮೆಂಟಿನ ಮಾಳಿಗೆಯ ಮೇಲೆ, ಪ್ಲಾಸ್ಟಿಕ್ ಹಾಳೆ ಹಾಸಿ. ರಾತ್ರಿ? ಹೊರಗೇ ಬಿಟ್ಟೆ. ಬಾಟಲಿಗೆ ಯಾವಾಗ ತುಂಬಿದಿರಿ? ಮಧ್ಯಾಹ್ನ, ಬಿಸಿಲಿನಿಂದ ತೆಗೆದ ಕೂಡಲೇ.

ಅವ್ವನ ವಿಧಾನ ಹೀಗಿರಲಿಲ್ಲವೆಂದು ಅವರ ಬಾಯಿಂದಲೇ ಬಂತು. ಅವ್ವ ಮಾಡುತ್ತಿದ್ದುದು ವೈಶಾಖದಲ್ಲಿ. ಹೊರಸಿನ ಮೇಲೆ ಹಳೆಯ ಧೋತರ ಹಾಸಿ ಒಣಹಾಕುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಒಳಗೆ ತರುತ್ತಿದ್ದರು. ಒಣಗಿದ್ದನ್ನು ಒಂದು ರಾತ್ರಿ ಮೊರದಲ್ಲಿ ಆರಲು ಬಿಟ್ಟು ಆಮೇಲೆ ತುಂಬುತ್ತಿದ್ದರು. ಒಂದೊಂದರ ಹಿಂದೆಯೂ ಕಾರಣವಿದೆ. ಹೊರಸಿನ ಹಗ್ಗದ ಸಂದಿಯಿಂದ ಗಾಳಿ ಕೆಳಗಿನಿಂದಲೂ ಆಡುತ್ತದೆ. ಪ್ಲಾಸ್ಟಿಕ್ ಹಾಳೆ ಕೆಳಗಿನ ದಾರಿಯನ್ನು ಮುಚ್ಚುತ್ತದೆ. ರಾತ್ರಿ ತಂಪಾದಂತೆ ಗಾಳಿಯ ತೇವ ಏರುತ್ತದೆ, ಹಗಲು ಕೊಟ್ಟ ನೀರನ್ನು ಹಣ್ಣು ರಾತ್ರಿ ವಾಪಸು ಹೀರಿಕೊಳ್ಳುತ್ತದೆ. ಬಿಸಿ ಇರುವಾಗಲೇ ತುಂಬಿದರೆ ಒಳಗಿನ ಆವಿ ಬಾಟಲಿಯ ಗೋಡೆಗೆ ತಾಗಿ ಹನಿಯಾಗುತ್ತದೆ. ಆ ಒಂದು ಹನಿಯ ಸುತ್ತ ಬೂಸರಿನ ಸಂಸಾರ ಶುರು. ಅವ್ವನಿಗೆ ಜಲ ಸಕ್ರಿಯತೆ ಎಂಬ ಪದ ಗೊತ್ತಿರಲಿಲ್ಲ, ಅದರ ಪ್ರಕಾರ ನಡೆಯುವುದು ಮಾತ್ರ ಪೂರ್ತಿ ಗೊತ್ತಿತ್ತು. ನಾವು ಕಳೆದುಕೊಳ್ಳುತ್ತಿರುವುದು ಈ ತಿಳಿವನ್ನು. 'ಹಿಂದಿನವರು ಹಂಗೇ ಮಾಡ್ತಿದ್ರು' ಎಂದು ತಿಂಡಿಯ ಹೆಸರನ್ನಷ್ಟೇ ಉಳಿಸಿಕೊಂಡರೆ ಸಾಲದು, ಅವರು ಏಕೆ ಹಾಗೆ ಮಾಡುತ್ತಿದ್ದರು ಎಂಬುದನ್ನೂ ಉಳಿಸಿಕೊಳ್ಳಬೇಕು.

ಅವ್ವನ ಪಟ್ಟಿಗೆ ನಾನು ಸೇರಿಸುವುದು ನಾಲ್ಕೇ ಮಾತು. ಒಂದು, ನೊಣ ಕೂರದಂತೆ ಹಳೆಯ ಸೊಳ್ಳೆ ಪರದೆ ಅಥವಾ ತೆಳು ಬಟ್ಟೆ ಮುಚ್ಚಿ, ಅದು ಹಣ್ಣಿಗೆ ತಾಗದಿರಲಿ. ಎರಡು, ಇರುವೆ ಹತ್ತದಂತೆ ಹೊರಸಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ. ಮೂರು, ರಸ್ತೆಯ ಧೂಳು ಏಳುವ ಕಡೆ ಒಣಹಾಕಬೇಡಿ. ನಾಲ್ಕು, ಒಣಗಿದ ಹಣ್ಣನ್ನು ಮೊದಲು ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ತುಂಬಿ, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸಿ ನೋಡಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದರೆ ಮತ್ತೆ ಬಿಸಿಲಿಗೆ ಹಾಕಿ. ಕಟ್ಟದಿದ್ದರೆ ಬಿಗಿ ಮುಚ್ಚಳ ಹಾಕಿ ಕತ್ತಲಲ್ಲಿಡಿ. ಬೂಸರು ಒಮ್ಮೆ ಕಂಡರೆ ಆ ಭಾಗವನ್ನಷ್ಟೇ ಕಿತ್ತುಹಾಕಿ ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ. ಕೆಲವು ಬೂಸರುಗಳು ಬಿಡುವ ವಿಷ ಕಣ್ಣಿಗೆ ಕಾಣುವುದಿಲ್ಲ, ಕಾಯಿಸಿದರೂ ಹೋಗುವುದಿಲ್ಲ.

ಬಣ್ಣದ ಮೋಹ

'ಮನೆಯದು ಅಂಗಡಿಯದರಂತೆ ಹೊಳೆಯುವುದಿಲ್ಲ' ಎಂಬ ದೂರು ಸಾಮಾನ್ಯ. ಅಂಗಡಿಯದು ಏಕೆ ಹೊಳೆಯುತ್ತದೆ ಎಂದು ತಿಳಿಯಲು ವಿಜಯಪುರ ಜಿಲ್ಲೆಯನ್ನು ನೋಡಬೇಕು. ಒಣದ್ರಾಕ್ಷಿಗೆ ಹೆಸರಾದ ಜಿಲ್ಲೆ ಅದು. ಅಲ್ಲಿ ಬೆಳೆಗಾರರು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಎಂಬ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ನಾವು ಮನೆಯಲ್ಲಿ ಕುದಿನೀರಿನಿಂದ ಮಾಡುವ ಕೆಲಸವನ್ನೇ ಇದು ಮಾಡುತ್ತದೆ, ಮೇಣದ ಪದರವನ್ನು ಸಡಿಲಿಸುತ್ತದೆ. ಆಮೇಲೆ ಒಣಗಿಸುವುದು ನೇರ ಬಿಸಿಲಿನಲ್ಲಲ್ಲ. ಉದ್ದನೆಯ ಶೆಡ್ಡುಗಳಲ್ಲಿ ಬಲೆಯ ಮೇಲೆ ಬಲೆ ಕಟ್ಟಿ, ನೆರಳಿನಲ್ಲಿ, ಗಾಳಿಗೆ ಬಿಟ್ಟು ಎರಡು ವಾರದಷ್ಟು ಕಾಲ ಒಣಗಿಸುತ್ತಾರೆ. ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ. ಒಣಗಿಸುವುದು ಗಾಳಿ ಎಂಬ ನನ್ನ ಮಾತಿಗೆ ಆ ಶೆಡ್ಡುಗಳಿಗಿಂತ ದೊಡ್ಡ ಸಾಕ್ಷಿ ಬೇಡ. ಆ ಹದಿನೈದು ದಿನದಲ್ಲಿ ಒಂದು ಅಡ್ಡಮಳೆ ಬಂದರೆ ವರ್ಷದ ದುಡಿಮೆ ಕಪ್ಪಾಗುತ್ತದೆ ಎಂಬುದು ಆ ರೈತರ ನಿತ್ಯದ ಆತಂಕ.

ಮಾರುಕಟ್ಟೆಯ ಅನೇಕ ಒಣಹಣ್ಣುಗಳಿಗೆ ಬಣ್ಣ ಮಾಸದಿರಲೆಂದು ಗಂಧಕದ ಹೊಗೆ ಕೊಟ್ಟಿರುತ್ತಾರೆ. ನಿಯಮದ ಮಿತಿಯೊಳಗೆ ಅದಕ್ಕೆ ಅನುಮತಿ ಇದೆ. ಆದರೆ ಉಬ್ಬಸ ಇರುವ ಕೆಲವರಿಗೆ ಅದು ತೊಂದರೆ ಕೊಡುತ್ತದೆ. ಮನೆಯಲ್ಲಿ ಗಂಧಕ ಸುಡುವ ಸಾಹಸ ಖಂಡಿತ ಬೇಡ, ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ನಿಂಬೆರಸ ಕೊಟ್ಟಷ್ಟು ಬಣ್ಣ ಸಾಕು. ಸ್ವಲ್ಪ ಕಪ್ಪಾದ ಮಾವಿನ ಹಾಳೆಗೆ ರುಚಿಯೇನೂ ಕಡಿಮೆಯಿಲ್ಲ.

ಇದು ಔಷಧಿಯಲ್ಲ, ತಿಂಡಿ

ಒಣಹಣ್ಣು ಎಂದರೆ ಎಷ್ಟು ತಿಂದರೂ ಒಳ್ಳೆಯದೇ ಎಂಬ ನಂಬಿಕೆ ಹಬ್ಬಿದೆ. ಮತ್ತೆ ತಕ್ಕಡಿ ಹಿಡಿಯೋಣ. ಒಂದು ಕಿಲೋ ಮಾವಿನ ರಸದಲ್ಲಿ ಸುಮಾರು 140 ಗ್ರಾಂ ಸಕ್ಕರೆ ಇರುತ್ತದೆ. ಒಣಗಿಸಿದಾಗ ಹೋಗುವುದು ನೀರು, ಸಕ್ಕರೆಯಲ್ಲ. 200 ಗ್ರಾಂ ಹಾಳೆಯಲ್ಲಿ ಆ 140 ಗ್ರಾಂ ಹಾಗೇ ಕೂತಿರುತ್ತದೆ, ಹತ್ತರಲ್ಲಿ ಏಳು ಪಾಲು! ಒಂದು ಕಿಲೋ ರಸವನ್ನು ಒಂದೇ ಕೂತಿನಲ್ಲಿ ಕುಡಿಯುವುದು ಕಷ್ಟ, ಆದರೆ 200 ಗ್ರಾಂ ಹಾಳೆಯನ್ನು ಸಿನಿಮಾ ನೋಡುತ್ತ ಮುಗಿಸಿಬಿಡಬಹುದು. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ತಿನ್ನಬಾರದು. ಮಕ್ಕಳಿಗೂ ಅಂಗೈ ಅಗಲದ ಒಂದು ತುಂಡು ಸಾಕು. ಇದು ಹಲ್ಲಿಗೆ ಅಂಟುವ ತಿಂಡಿ, ತಿಂದ ಮೇಲೆ ಬಾಯಿ ಮುಕ್ಕಳಿಸುವ ಅಭ್ಯಾಸ ಮಾಡಿಸಿ. ತೀರಾ ಎಳೆಯ ಮಕ್ಕಳಿಗೆ ಗಟ್ಟಿ ತುಂಡು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಕಳೆದುಹೋಗುವುದೂ ಇದೆ. 100 ಗ್ರಾಂ ತಾಜಾ ಪೇರಲದಲ್ಲಿ 200 ಮಿಲಿಗ್ರಾಂನಷ್ಟು ಸಿ ಜೀವಸತ್ವ ಇರುತ್ತದೆ, ಒಬ್ಬರ ದಿನದ ಅಗತ್ಯಕ್ಕಿಂತ ಎಷ್ಟೋ ಹೆಚ್ಚು. ಬಿಸಿಲು, ಶಾಖ, ಗಾಳಿ ಸೇರಿ ಅದರ ದೊಡ್ಡ ಪಾಲನ್ನು ಕಸಿಯುತ್ತವೆ. ಮಾವು, ಪಪ್ಪಾಯಿಗೆ ಬಣ್ಣ ಕೊಡುವ ಕ್ಯಾರೊಟಿನ್ ಕೂಡ ಬೆಳಕಿಗೆ ಸ್ವಲ್ಪ ಸ್ವಲ್ಪವಾಗಿ ನಾಶವಾಗುತ್ತದೆ. ಬಟ್ಟೆ ಮುಚ್ಚಿ ಒಣಗಿಸಿದರೆ ಅದಷ್ಟು ಉಳಿಯುತ್ತದೆ. ನಾರು, ಪೊಟ್ಯಾಸಿಯಂ, ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ: ತಾಜಾ ಹಣ್ಣು ಸಿಗುವಾಗ ತಾಜಾ ಹಣ್ಣನ್ನೇ ತಿನ್ನಿ. ತಿಂದು ಮಿಕ್ಕಿದ್ದನ್ನು, ಕೊಳೆತು ಹೋಗಲಿದ್ದುದನ್ನು ಒಣಗಿಸಿ. ಒಣಹಣ್ಣನ್ನು ಹೋಲಿಸಬೇಕಾದದ್ದು ಬಣ್ಣದ ಮಿಠಾಯಿಯ ಜೊತೆ, ತಾಜಾ ಹಣ್ಣಿನ ಜೊತೆ ಅಲ್ಲ. ಮಿಠಾಯಿಯ ಎದುರು ಅದು ಎಲ್ಲ ರೀತಿಯಿಂದಲೂ ಗೆಲ್ಲುತ್ತದೆ.

ಮಳೆಗಾಲದಲ್ಲಿ ಏನು ಮಾಡುವುದು?

ಈಗ ವಿದ್ಯುತ್ತಿನ ಸಣ್ಣ ಒಣಗಿಸುವ ಯಂತ್ರಗಳು ಬಂದಿವೆ. ಒಂದು ಕಿಲೋ ಮಾವಿನ ರಸದಿಂದ 800 ಗ್ರಾಂ ನೀರು ತೆಗೆಯಲು ಬೇಕಾದ ಶಾಖ ಲೆಕ್ಕದಲ್ಲಿ ಸುಮಾರು ಅರ್ಧ ಯೂನಿಟ್ ವಿದ್ಯುತ್ತಿಗೆ ಸಮ. ಆದರೆ ಬಿಸಿ ಗಾಳಿಯ ಬಹುಪಾಲು ಹೊರಗೆ ಹೋಗುತ್ತದೆ. 500 ವ್ಯಾಟ್ ಯಂತ್ರವನ್ನು ಹತ್ತು ತಾಸು ಪೂರ್ತಿ ಓಡಿಸಿದರೆ ಐದು ಯೂನಿಟ್ ಖರ್ಚು. ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಜಾಗದ ಮೇಲೆ ಹೆಚ್ಚುಕಡಿಮೆ ಒಂದು ಸಾವಿರ ವ್ಯಾಟ್ ಶಾಖವನ್ನು ಬಿಟ್ಟಿಯಾಗಿ ಸುರಿಯುವಾಗ, ಬೇಸಿಗೆಯಲ್ಲಿ ಯಂತ್ರ ಹಚ್ಚುವುದು ಹೊಳೆಯ ದಂಡೆಯಲ್ಲಿ ಕೂತು ನೀರು ಕೊಂಡು ಕುಡಿದಂತೆ.

ನಡುವಿನ ದಾರಿ ಸೌರ ಪೆಟ್ಟಿಗೆ. ಹಳೆಯ ಮರದ ಪೆಟ್ಟಿಗೆಯ ಒಳಭಾಗಕ್ಕೆ ಕಪ್ಪು ತಗಡು ಹಾಸಿ, ಮೇಲೆ ಓರೆಯಾಗಿ ಗಾಜು ಕೂರಿಸಿ, ಮುಂದಿನ ತಳದಲ್ಲಿ ಕೆಲವು ತೂತು, ಹಿಂದಿನ ಮೇಲ್ಭಾಗದಲ್ಲಿ ಕೆಲವು ತೂತು ಕೊರೆದು, ಬಲೆ ಬಡಿಯಿರಿ. ಬಿಸಿಯಾದ ಗಾಳಿ ಹಗುರಾಗಿ ಮೇಲಿನಿಂದ ಹೊರಬೀಳುತ್ತದೆ, ತಣ್ಣನೆಯದು ಕೆಳಗಿನಿಂದ ಒಳಬರುತ್ತದೆ. ಒಳಗಿನ ಉಷ್ಣತೆ 50ರಿಂದ 60 ಡಿಗ್ರಿಯೊಳಗೆ ಇರಲಿ. ಅದಕ್ಕಿಂತ ಹೆಚ್ಚಾದರೆ ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ನೀರಿಗೆ ಬಾಗಿಲು ಮುಚ್ಚಿಬಿಡುತ್ತದೆ. ಆತುರಗಾರನ ಒಣಹಣ್ಣು ಹೊರಗೆ ಕಲ್ಲು, ಒಳಗೆ ಕೆಸರು.

ಇದರಿಂದ ದುಡ್ಡು ಮಾಡಬಹುದೇ ಎಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೇಳುತ್ತಾರೆ. ಮಾಡಬಹುದು, ಆದರೆ ಮೊದಲು ಐದರ ಲೆಕ್ಕ ಮರೆಯಬಾರದು. ಐದು ಕಿಲೋ ರಸದ ಬೆಲೆ, ಗ್ಯಾಸು, ಕೂಲಿ, ಪೊಟ್ಟಣ ಎಲ್ಲ ಸೇರಿ ಒಂದು ಕಿಲೋ ಹಾಳೆಯ ಬೆಲೆಯಲ್ಲಿ ಹುಟ್ಟಬೇಕು. ಸಂಜೆ ಸಂತೆಯಲ್ಲಿ ಬೆಲೆ ಬಿದ್ದಾಗ, ಅಥವಾ ನೇರ ರೈತನ ತೋಟದಿಂದ ಕೊಂಡಾಗ ಮಾತ್ರ ಇದು ಸಾಧ್ಯ. ಮಾರುವವರಿಗೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ. ಸಣ್ಣ ಆಹಾರ ಉದ್ದಿಮೆಗಳಿಗಾಗಿ ಕೇಂದ್ರ ಸರಕಾರ 2020ರಲ್ಲಿ ಯೋಜನೆಯೊಂದನ್ನು ತಂದಿದೆ. ಅದರ ಈಗಿನ ಷರತ್ತುಗಳನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಬೀದರಿನಲ್ಲೇ ಇರುವ ತೋಟಗಾರಿಕೆ ಕಾಲೇಜಿನ ಬಾಗಿಲು ತಟ್ಟುವುದೂ ಒಳ್ಳೆಯದು. ಮೊದಲ ವರ್ಷ ಮಾತ್ರ ಮನೆಯ ಮಟ್ಟಿಗೆ ಮಾಡಿ ಕೈ ಕೂರಿಸಿಕೊಳ್ಳಿ.

ರಜೆಯ ಮನೆಗೆಲಸ

ಪರೀಕ್ಷೆ ಮುಗಿದು ಮಕ್ಕಳು ಮನೆಯಲ್ಲಿದ್ದಾರೆ. 'ಏನು ಮಾಡಲಿ' ಎಂದು ಪೀಡಿಸುವ ಮಕ್ಕಳಿಗೆ ಈ ಕೆಲಸ ಕೊಡಿ. ಒಂದು ತಟ್ಟೆ ಮಾವಿನ ರಸ ಒಣಹಾಕಲಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಎರಡು ಉಷ್ಣಮಾಪಕ ಸಿಕ್ಕರೆ ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ತೂಗಿಬಿಡಲಿ. ಒಣ ಮಧ್ಯಾಹ್ನ 40 ಡಿಗ್ರಿ ಇದ್ದಾಗ ಒದ್ದೆಯದು 22ರ ಹತ್ತಿರಕ್ಕೂ ಇಳಿಯಬಹುದು. ಎರಡರ ಅಂತರ ಹೆಚ್ಚಿದ್ದ ದಿನ ತಟ್ಟೆಯ ತೂಕ ಎಷ್ಟು ಬೇಗ ಇಳಿಯಿತು ಎಂದು ಅವರೇ ಕಂಡುಕೊಳ್ಳಲಿ. ರೇಖಾಚಿತ್ರ ಬಿಡಿಸಿದರೆ ಮೊದಲು ಕಡಿದಾಗಿ ಇಳಿದು, ಆಮೇಲೆ ನಿಧಾನವಾಗಿ ಚಪ್ಪಟೆಯಾಗುವ ಗೆರೆ ಬರುತ್ತದೆ. ಹೊರಮೈಯ ನೀರು ಬೇಗ ಹೋಗುತ್ತದೆ, ಒಳಗಿನದು ನಿಧಾನ ಎಂಬ ಪಾಠ ಆ ಗೆರೆಯಲ್ಲಿದೆ. ಬೇರೆ ಯಾವ ಪ್ರಯೋಗಶಾಲೆಯಲ್ಲೂ ಕೊನೆಗೆ ಪ್ರಯೋಗವನ್ನೇ ತಿನ್ನಲು ಬಿಡುವುದಿಲ್ಲ, ಇಲ್ಲಿ ಮಾತ್ರ ಬಿಡುತ್ತಾರೆ.

ಜವಾರಿ ಮಾವು ಸಂತೆಗೆ ಬರುವುದಕ್ಕೂ ಮೃಗಶಿರದ ಮಳೆ ಬೀಳುವುದಕ್ಕೂ ನಡುವೆ ನಮಗೆ ಸಿಗುವುದು ಕೆಲವೇ ವಾರ. ಈ ಭಾನುವಾರ ಸಂತೆಯಿಂದ ಎರಡು ಕಿಲೋ ಹಣ್ಣು ಹೆಚ್ಚಿಗೆ ತನ್ನಿ. ಮೊದಲು ಹರವಿಯ ನೀರು ಕುಡಿದು ನೋಡಿ. ತಣ್ಣಗಿದ್ದರೆ ಮಾಳಿಗೆ ಹತ್ತಿ.